ಕೂಸಿನ ಮೂರನೇ ಬೆರಳು

ಡಿಸೆಂಬರ್ ೨೮, ಶನಿವಾರ

ಹೊಸ ನೋಟ್‌ಬುಕ್ಕಿನ ಮೊದಲ ಪುಟ. ಯಲಬುರ್ಗಾದ ಶಾಲೆಯಲ್ಲಿ ಮೂವತ್ತಾರು ವರ್ಷ ಹಾಜರಿ ಬರೆದ ಕೈ ಇದು, ಸುಮ್ಮನೆ ಕೂಡುವುದಿಲ್ಲ. ಆದ್ದರಿಂದ ಮೊದಲು ಮನೆಯ ಹಾಜರಿ. ಯಜಮಾನರು ಕಳಕಪ್ಪ, ಬಸ್ ಡಿಪೋದಿಂದ ನಿವೃತ್ತರು, ಈಗ ಪೇಪರ್ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮಗ ಗುರುಬಸವ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ, ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ರಾತ್ರಿ ಊಟದ ಹೊತ್ತಿಗೆ ಬರುತ್ತಾನೆ. ಸೊಸೆ ಅಮೃತಾ. ಮೊಮ್ಮಗಳು ಶಾಂಭವಿ, ಮೊನ್ನೆ ಆರು ತಿಂಗಳು ತುಂಬಿತು. ನಾನು ಶೇಖರಮ್ಮ. ಎಲ್ಲರೂ ಹಾಜರ್.

ಸೊಸೆಯ ಬಗ್ಗೆ ಬರೆಯಬಾರದು ಅಂದುಕೊಂಡೇ ಪೆನ್ನು ಹಿಡಿದೆ, ಆದರೆ ಆಗುವುದಿಲ್ಲ. ಬಾಣಂತನ ಮುಗಿಸಿ ಕುಷ್ಟಗಿಯ ತವರಿನಿಂದ ಬಂದು ತಿಂಗಳಾಗಿಲ್ಲ, ಆಗಲೇ ಮತ್ತೆ ಕೂದಲಿನ ಗೋದಾಮಿಗೆ ಹೊರಟಳು. ಈ ಭಾಗ್ಯನಗರದಲ್ಲಿ ಓಣಿ ಓಣಿಗೂ ಅದೇ ಕೆಲಸ. ಊರೂರಿನ ಹೆಂಗಸರ ಬಾಚಣಿಗೆಯಲ್ಲಿ ಉದುರಿದ ಕೂದಲು ಚೀಲಗಟ್ಟಲೆ ಬರುತ್ತದೆ. ಇವರು ಕೂತು ಸಿಕ್ಕು ಬಿಡಿಸಿ, ಉದ್ದನೆಯದು ಬೇರೆ, ಗಿಡ್ಡನೆಯದು ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಗೋದಾಮಿನಲ್ಲಿ ಮಾಡಿದ್ದು ಸಾಲದೆಂದು ಇವಳು ಒಂದು ಚೀಲ ಮನೆಗೂ ತರುತ್ತಾಳೆ. ಹಿಂದಿನ ಖೋಲಿಯ ಬಾಗಿಲು ಹಾಕಿಕೊಂಡು ಮಾಡುತ್ತಾಳೆ, ನಿಜ. ಸೀರೆ ಝಾಡಿಸಿ, ಕೈಕಾಲು ತೊಳೆದುಕೊಂಡೇ ಹೊರಗೆ ಬರುತ್ತಾಳೆ, ಅದೂ ನಿಜ. ಆದರೂ ಯಾರ ಯಾರದೋ ತಲೆಯ ಕೂದಲು ಕೂಸಿರುವ ಮನೆಯಲ್ಲಿ ಯಾಕೆ? ಗೋದಾಮು ನೋಡಿಕೊಳ್ಳುವ ಮೆಹಜಬೀನ, ಅಮೃತಾಳಂಥ ಬೆರಳು ಇಡೀ ಭಾಗ್ಯನಗರದಲ್ಲಿ ಇಲ್ಲ, ಕಣ್ಣು ಮುಚ್ಚಿಕೊಂಡು ಒಂದೊಂದು ಎಳೆ ಆರಿಸುತ್ತಾಳೆ ಅಂತ ಹೊಗಳುತ್ತಾಳೆ. ಇವಳಿಗೆ ಅಷ್ಟೇ ಸಾಕು, ಉಬ್ಬಿಬಿಡುತ್ತಾಳೆ.

ನಾನು ಗೋಡೆಗೆ ಹನ್ನೊಂದು ನಿಯಮ ಬರೆದು ಅಂಟಿಸಿದ್ದೇನೆ. ಬಿಸಿನೀರಿನ ಬಕೆಟ್ ನೆಲದ ಮೇಲೆ ಇಡಕೂಡದು. ಶೇಂಗಾ, ಗುಂಡಿ, ನಾಣ್ಯ ಕೆಳಗೆ ಬಿದ್ದಿರಕೂಡದು. ಕೂಸನ್ನು ಮಂಚದ ಮೇಲೆ ಒಂದೇ ಬಿಡಕೂಡದು. ಚಳಿ ಮುಗಿಯುವ ತನಕ ಕಾಲುಚೀಲ ತೆಗೆಯಕೂಡದು. ಕಾಲುಚೀಲ ನಾನೇ ಉಲನ್‌ನಲ್ಲಿ ಹೆಣೆದದ್ದು. ಯಜಮಾನರು ಶಾಲೆಯ ಮಕ್ಕಳು ಕರೆಯುತ್ತಿದ್ದ ಹಾಗೆಯೇ ನನ್ನನ್ನು ಕರೆಯುತ್ತಾರೆ. ಎಲ್ಲ ಓದಿ ಮುಗಿಸಿ, “ಅಕ್ಕೋರ, ಪರೀಕ್ಷಾ ಯಾವಾಗ ಇಡ್ತೀರಿ?” ಅಂದರು. ಇಟ್ಟರೆ ಮೊದಲು ಫೇಲಾಗುವವರು ಅವರೇ.

ಡಿಸೆಂಬರ್ ೩೦, ಸೋಮವಾರ, ಎಳ್ಳಮಾವಾಸ್ಯೆ

ದಣಿವಾಗಿದೆ, ಆದರೂ ಬರೆಯುತ್ತೇನೆ. ನಿನ್ನೆ ತಲೆಗೆ ಮೆಹಂದಿ ಹಚ್ಚಿಕೊಂಡಿದ್ದೆ, ಬೆಳಿಗ್ಗೆ ಎದ್ದು ತೊಳೆದೆ. ಬಿಳಿಯೆಲ್ಲ ಕೆಂಪಾಗಿ ಛಲೋ ಕಾಣುತ್ತಿದೆ. ತಲೆ ಒಣಗಿಸಿಕೊಳ್ಳಲು ಪುರುಸೊತ್ತಾಗಲಿಲ್ಲ, ಅಷ್ಟರಲ್ಲಿ ಕೂಸಿಗೆ ಎರೆಯುವ ಹೊತ್ತಾಯಿತು. ಎರೆಯುವುದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಬೆರಳು ಬೆರಳಿಗೂ ಎಣ್ಣೆ ತಿಕ್ಕಿ, ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಕಾಲುಚೀಲ ತೊಡಿಸಿದೆ. ಹೊಗೆಯಲ್ಲೇ ನಿದ್ದೆ ಹೋಯಿತು ನನ್ನ ಬಂಗಾರ.

ಆಮೇಲೆ ಎಲ್ಲರೂ ಯಲಬುರ್ಗಾ ದಾರಿಯಲ್ಲಿರುವ ಯಜಮಾನರ ತಮ್ಮನ ಹೊಲಕ್ಕೆ, ಎಡೆಯ ಅಡಿಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಲು ಹೋದೆವು. ಜೋಳ ಎದೆಯೆತ್ತರ ಬಂದಿದೆ. ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ ಕೂಸನ್ನು ಮಲಗಿಸಿ ಊಟಕ್ಕೆ ಕೂತೆವು. ಎದ್ದಿದ್ದೇ ಅಳಲು ಶುರು. ಹಸಿವು ಅಂದರೆ ಹಾಲು ಹಿಡಿಯಲಿಲ್ಲ. ಬಸ್ಸಿನಲ್ಲಿ ಕೊಪ್ಪಳದವರೆಗೂ ಅತ್ತಿತು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ದೃಷ್ಟಿಯೇ ಆಗಿರಬೇಕು, ಹೊಲದಲ್ಲಿ ಎಷ್ಟು ಜನ ಎತ್ತಿಕೊಂಡರು! ಮನೆಗೆ ಬಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಕೂಸು ಈಗ ಸ್ವಲ್ಪ ಮಲಗಿದೆ.

ಡಿಸೆಂಬರ್ ೩೧, ಮಂಗಳವಾರ

ಮಲಗಲಿಲ್ಲ. ಅಳು ನಿಂತರೆ ನರಳುತ್ತದೆ, ನರಳುವುದು ನಿಂತರೆ ಚೀರುತ್ತದೆ. ಹಲ್ಲು ಬರುತ್ತಿರಬೇಕು ಅಂದೆ, ಒಸಡು ಒತ್ತಿದರೆ ಏನೂ ಇಲ್ಲ. ಹೊಟ್ಟೆನೋವು ಅಂದುಕೊಂಡು ಓಮಿನ ನೀರು ಕುಡಿಸಿದೆ, ಕಕ್ಕಿಬಿಟ್ಟಿತು. ಈ ಗದ್ದಲದಲ್ಲಿ ಇವತ್ತು ಎರೆಯಲೂ ಇಲ್ಲ. ಮಧ್ಯಾಹ್ನ ಅಮೃತಾಳನ್ನು ಗೋದಾಮಿನಿಂದ ಕರೆಸಿ ಇಬ್ಬರೂ ಒಂದು ದವಾಖಾನೆಗೆ ಹೋದೆವು. ಹೊಟ್ಟೆ ಒತ್ತಿ ನೋಡಿದರು, ಕಿವಿಗೆ ಬ್ಯಾಟರಿ ಹಾಕಿ ನೋಡಿದರು. ಕಾಲುಚೀಲಕ್ಕೆ ಕೈ ಹಾಕಿದಾಗ, ಚಳಿ ಹತ್ತುತ್ತದೆ ಬಿಡ್ರಿ ಅಂತ ನಾನೇ ಅಂದೆ. ಗಾಳಿ ತುಂಬಿದೆ ಅಂತ ಹನಿ ಔಷಧ ಬರೆದುಕೊಟ್ಟರು.

ಅಮೃತಾ ಅಲ್ಲೂ ಅತ್ತಳು, ಮನೆಗೆ ಬಂದೂ ಅತ್ತಳು. ಕೆಲಸಕ್ಕೆ ಹೋಗುವ ತಾಯಿಗೆ ಈಗ ಅಳು ಬರುತ್ತದೆ. ಇದನ್ನು ಬಾಯಿಬಿಟ್ಟೇ ಹೇಳಿದೆ. ಹೇಳಬಾರದಿತ್ತೋ ಏನೋ.

ಜನವರಿ ೨, ಗುರುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಕೂಸು ಅಳುವುದನ್ನೂ ಬಿಟ್ಟು ಸುಮ್ಮನೆ ಬಿದ್ದುಕೊಂಡಿತ್ತು. ಅಮೃತಾ ಗೋದಾಮಿಗೆ ಹೋಗಲಿಲ್ಲ. ನಾನು ಒಲೆಯ ಮುಂದೆ ಇದ್ದಾಗ ಅವಳು ಕಾಲುಚೀಲ ಎಳೆದು ತೆಗೆದಳು. ಕೂಗಿದಳು. ಎಡಗಾಲಿನ ಮೂರನೇ ಬೆರಳು ದ್ರಾಕ್ಷಿಯಷ್ಟು ಊದಿ ನೀಲಿಗಟ್ಟಿತ್ತು. ನಾನು ನೋಡಿದವಳೇ, ಹೊಲದಲ್ಲಿ ಮಲಗಿಸಿದ್ದೆವಲ್ಲ, ಇರುವೆಯೋ ಹುಳವೋ ಕಚ್ಚಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಅರಿಶಿನ, ಸುಣ್ಣ ಕಲಸಿ ದಪ್ಪಗೆ ಮೆತ್ತಿದೆ. ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹಚ್ಚಿಲ್ಲ ನಾನು!

ಅವಳು ನನ್ನ ಮುಂದೆಯೇ ಅದನ್ನು ಸೆರಗಿನಿಂದ ಒರೆಸಿ ತೆಗೆದಳು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ನಾನು ಮಾಡಿದ್ದನ್ನು ಅಳಿಸಿದ್ದು ಅದೇ ಮೊದಲು. ಆಮೇಲೆ ಕಣ್ಣು ಮುಚ್ಚಿ ಬೆರಳಿನ ಬುಡಕ್ಕೆ ಹೆಬ್ಬೆರಳಿನ ತುದಿ ಹಚ್ಚಿ ಸುತ್ತ ಎಳೆದಳು. ಕೂಸು ಚೀರಿತು.

“ಅತ್ತಿ, ಕೂದಲ ಐತ್ರಿ. ಸುತ್ತಕೊಂಡು ಒಳಗ ಹೋಗೈತಿ.”

ಚಷ್ಮಾ ಹಾಕಿಕೊಂಡು ನೋಡಿದೆ. ಬುಡದಲ್ಲಿ ಒಂದು ಗೆರೆ ಬಿಟ್ಟು ಏನೂ ಕಾಣಲಿಲ್ಲ. ಏನೂ ಇಲ್ಲ ಅಂದೆ.

“ಕಣ್ಣಿಗೆ ಕಾಣಂಗಿಲ್ರಿ, ಕೈಗೆ ಹತ್ತತೈತಿ,” ಅಂದವಳೇ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದಳು. ಆಟೋದಲ್ಲಿ ನಾನು ಅವಳ ಚಪ್ಪಲಿ ಹಿಡಿದುಕೊಂಡು ಕೂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ದೊಡ್ಡ ಭೂತಗಾಜು ಹಿಡಿದು ನೋಡಿದರು. ಅವಳು ಹೇಳಿದ್ದು ಸರಿ ಇತ್ತು. ಇನ್ನು ಒಂದು ದಿನ ತಡವಾಗಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತಿತ್ತು, ಈಗಲೂ ಉಳಿಯುತ್ತದೆ ಅಂತ ಮಾತು ಕೊಡುವುದಿಲ್ಲ ಅಂದರು. ತಾಯಿ ನಡುಗುತ್ತಿದ್ದಳು, ಅದಕ್ಕೆ ಅವಳನ್ನು ಹೊರಗೆ ಕಳಿಸಿ ಕಾಲು ಹಿಡಿಯಲು ನನ್ನನ್ನು ನಿಲ್ಲಿಸಿಕೊಂಡರು. ಸೂಜಿ ಚುಚ್ಚಿ, ಕೊಯ್ದು, ಚಿಮಟಿಗೆಯಿಂದ ಒಂದು ಎಳೆ ಹೊರಗೆ ಎಳೆದರು. ಮೂರು ಸುತ್ತು ಸುತ್ತಿತ್ತು. ಎರೆಯುವಾಗಲೋ ಬಟ್ಟೆ ತೊಡಿಸುವಾಗಲೋ ಹತ್ತಿರಬೇಕು, ಒದ್ದೆ ಕೂದಲು ಒಣಗುತ್ತಾ ಒಣಗುತ್ತಾ ಬಿಗಿಯುತ್ತದೆ ಅಂತ ಹೇಳಿದರು. ಕೂಸು ಸಮಾಧಾನವಿಲ್ಲದೆ ಅತ್ತರೆ ಕೈಕಾಲಿನ ಬೆರಳುಗಳನ್ನೆಲ್ಲ ಒಂದೊಂದಾಗಿ ನೋಡಿ, ಕಾಲುಚೀಲ ತಿರುವಿ ನೋಡಿ ಅಂದರು. ಆ ಎಳೆಯನ್ನು ಬ್ಯಾಂಡೇಜ್ ಬಟ್ಟೆಯ ತುಂಡಿನಲ್ಲಿಟ್ಟು ನನ್ನ ಕೈಗೆ ಕೊಟ್ಟರು, ಓಣಿಯಲ್ಲಿ ನಾಲ್ಕು ತಾಯಂದಿರಿಗೆ ತೋರಿಸಿ, ಇಂಥದ್ದು ಆಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ ಅಂತ.

ಕೆಂಪಗಿತ್ತು. ರಕ್ತ ಹತ್ತಿದೆ ಅಂದುಕೊಂಡೆ. ಇಲ್ಲವೇ ನಾನು ಮೆತ್ತಿದ ಅರಿಶಿನ, ಸುಣ್ಣ ಇರಬೇಕು.

ಹೊರಗೆ ಬಂದರೆ ಗುರುಬಸವ ಗಂಗಾವತಿಯಿಂದ ಬಂದು ನಿಂತಿದ್ದ. ಕೂದಲು ಅಂತ ಕೇಳಿದ್ದೇ ತಡ, ಜನ ತುಂಬಿದ ವರಾಂಡದಲ್ಲಿ ಹೆಂಡತಿಯ ಕಡೆ ತಿರುಗಿ, “ಬ್ಯಾಡ ಬ್ಯಾಡ ಅಂದ್ರೂ ಮನಿಗೆ ಕೂದಲ ತಂದಿ. ಈಗ ಸಮಾಧಾನ ಆತನು?” ಅಂದ. ಅವಳು ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. ನಾನು ಆ ಬಟ್ಟೆಯ ತುಂಡನ್ನು ಮಡಚಿ ಪರ್ಸಿನಲ್ಲಿ ಹಾಕಿಕೊಂಡೆ.

ಜನವರಿ ೩, ಶುಕ್ರವಾರ

ಬಚ್ಚಲಿನಲ್ಲಿ ಒಬ್ಬಳೇ ಆ ಎಳೆಯನ್ನು ನಲ್ಲಿಯ ಕೆಳಗೆ ಹಿಡಿದೆ. ರಕ್ತ ಹೋಯಿತು. ಅರಿಶಿನವೂ ಹೋಯಿತು. ಕೆಂಪು ಹೋಗಲಿಲ್ಲ.

ಸೋಪು ಹಾಕಿದೆ. ಹೋಗಲಿಲ್ಲ.

ಜನವರಿ ೪, ಶನಿವಾರ

ಗುರುಬಸವ ಕೂದಲಿನ ಚೀಲವನ್ನು ಗೋದಾಮಿಗೆ ಹೊತ್ತು ಹಾಕಿ ಬಂದ. ಹಿಂದಿನ ಖೋಲಿಯನ್ನು ಫಿನೈಲ್ ಹಾಕಿ ಮೂರು ಸಲ ತೊಳೆಸಿದ. ಇನ್ನು ಮೇಲೆ ಅವಳು ಕೆಲಸಕ್ಕೆ ಹೋಗುವುದಿಲ್ಲ. ಡಾಕ್ಟರ್ ಒಪ್ಪುವ ತನಕ ಕೂಸು ಪೂರ್ತಿ ನನ್ನ ಹತ್ತಿರವೇ ಇರಬೇಕು ಅಂತಲೂ ಹೇಳಿದ. ನಾನು ಹೂಂ ಅಂದೆ.

ನಾನು ಯಾಕೆ ಏನೂ ಹೇಳಲಿಲ್ಲ ಅಂದರೆ, ಇದು ಖಾತ್ರಿಯಿಲ್ಲ. ಭಾಗ್ಯನಗರಕ್ಕೆ ಎಲ್ಲ ಬಣ್ಣದ ಕೂದಲೂ ಬರುತ್ತದೆ. ಮೆಹಂದಿ ಹಚ್ಚಿಕೊಳ್ಳುವವಳು ಲೋಕದಲ್ಲಿ ನಾನೊಬ್ಬಳೇ ಅಲ್ಲ. ಹೇಳಿದರೆ ಬೆರಳು ಬೇಗ ವಾಸಿಯಾಗುತ್ತದೆಯೇ? ಅದೂ ಇಲ್ಲ. ಹೇಗೂ ಆ ಕೆಲಸ ಮನೆಗೆ ಒಳ್ಳೆಯದಲ್ಲ ಅಂತ ನಾನು ಮೊದಲಿನಿಂದ ಹೇಳುತ್ತಲೇ ಇದ್ದೆ.

ಅವಳು ಹಾಲು ಕುಡಿಸುವಾಗ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಾಳೆ. ಬಂದರೂ ಕೂಸನ್ನು ಮುಟ್ಟುವುದಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ಕೂಡುತ್ತಾಳೆ. ನಾನು ಕೂಸನ್ನು ಅವಳ ಎದೆಗೆ ಹಿಡಿಯಬೇಕು. ಕುಡಿದ ಮೇಲೆ ನಾನೇ ತೆಗೆದುಕೊಳ್ಳಬೇಕು. ನೋಡಲಾಗುವುದಿಲ್ಲ.

ಜನವರಿ ೬, ಸೋಮವಾರ

ಡ್ರೆಸಿಂಗ್ ಬಿಚ್ಚಿದರು. ಬೆರಳಿನ ತುದಿ ಕಪ್ಪಾಗಿದೆ. ಕಪ್ಪು ಮೇಲೆ ಏರಿದರೆ ತೆಗೆಯಲೇಬೇಕು, ಅಲ್ಲೇ ನಿಂತರೆ ಉಳಿಯುತ್ತದೆ, ಶುಕ್ರವಾರ ಗೊತ್ತಾಗುತ್ತದೆ ಅಂದರು. ಆರು ತಿಂಗಳ ಕೂಸು. ನಾಳೆ ನಿಲ್ಲಬೇಕು, ನಡೆಯಬೇಕು, ಕಾಲುಂಗುರ ಹಾಕಿಸಿಕೊಳ್ಳಬೇಕು.

ನನಗೆ ಭಾಳ ಹೆದರಿಕೆಯಾಗಿದೆ.

ಜನವರಿ ೭, ಮಂಗಳವಾರ

ಕಪ್ಪು ಅಲ್ಲೇ ಇದೆಯೋ ಏರಿದೆಯೋ ಬ್ಯಾಂಡೇಜಿನ ಒಳಗೆ ಕಾಣುವುದಿಲ್ಲ.

ಜನವರಿ ೮, ಬುಧವಾರ

ಮೆಹಜಬೀನ ಬಂದಿದ್ದಳು, ಕೂಸಿಗೆಂದು ಬಾಳೆಹಣ್ಣು, ಕಲ್ಲುಸಕ್ಕರೆ ತಂದಿದ್ದಳು. ಅಮೃತಾ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೋದಾಮಿನಲ್ಲಿ ಇಪ್ಪತ್ತು ಹೆಂಗಸರಿಗೂ ಸಣ್ಣ ಮಕ್ಕಳಿದ್ದಾರಂತೆ. ಸುದ್ದಿ ಕೇಳಿದ ದಿನದಿಂದ ಎಲ್ಲರೂ ಮನೆಗೆ ಹೋದ ತಕ್ಷಣ ಮಕ್ಕಳ ಬೆರಳು ನೋಡುತ್ತಿದ್ದಾರಂತೆ. ಆದರೆ ಅವಳಿಗೆ ಒಂದು ಅರ್ಥವಾಗುತ್ತಿಲ್ಲವಂತೆ. ಅಮೃತಾ ತಲೆಗೆ ಬಟ್ಟೆ ಕಟ್ಟದೆ, ಸೀರೆ ಝಾಡಿಸದೆ ಒಂದು ದಿನವೂ ಹೋದವಳಲ್ಲ. ಉಳಿದವರನ್ನು ನಿಲ್ಲಿಸಿ ಝಾಡಿಸಿಕೊಳ್ಳಿ ಅಂತ ಹೇಳುವವಳೇ ಅವಳು. ಹೀಗೆಲ್ಲ ಹೇಳಿ, ತಣ್ಣಗೆ ಕೇಳಿದಳು:

“ಡಾಕ್ಟರ್ ತಗದ ಕೂದಲ ಇಟ್ಟೀರೇನ್ರಿ ಅಕ್ಕೋರ? ತೋರಸ್ರಿ. ಒಂದ ಸಲ ಕೈಯಾಗ ಹಿಡದ್ರ ಯಾವ ಚೀಲದ್ದು ಅಂತ ನಾ ಹೇಳ್ತೀನಿ.”

ಆಸ್ಪತ್ರೆಯವರೇ ಬಿಸಾಕಿದರು ಅಂದೆ. ಪರ್ಸಿನಿಂದ ತೆಗೆದಿಟ್ಟಿದ್ದ ಆ ಬಟ್ಟೆಯ ತುಂಡು ಆಗಲೂ ಈ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು, ನೋಟ್‌ಬುಕ್ಕು ಅವಳು ಕೂತಿದ್ದ ಗಾದಿಯ ಕೆಳಗಿತ್ತು.

ಮೂವತ್ತಾರು ವರ್ಷದಲ್ಲಿ ಎಷ್ಟು ಮಕ್ಕಳನ್ನು ಸುಳ್ಳು ಹೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಲೆಕ್ಕವಿಲ್ಲ.

ಜನವರಿ ೧೦, ಶುಕ್ರವಾರ

ಉಳಿಯಿತು! ಕಪ್ಪು ಚರ್ಮ ಸಿಪ್ಪೆಯಂತೆ ಬಿಟ್ಟುಕೊಂಡಿದೆ, ಒಳಗೆ ಗುಲಾಬಿ ಬಣ್ಣ. ಉಗುರು ಹೋಗಬಹುದು, ಬುಡದಲ್ಲಿ ಒಂದು ಗೆರೆ ಜೀವನಪೂರ್ತಿ ಇರುತ್ತದೆ, ಅಷ್ಟೆ. ಡಾಕ್ಟರ್ ಹೇಳಿದಾಗ ಯಜಮಾನರು ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ನಾನು ಅತ್ತುಬಿಟ್ಟೆ. ಅಮೃತಾ ಅಳಲಿಲ್ಲ, ಸುಮ್ಮನೆ ಕೈ ಮುಗಿದಳು. ಡಾಕ್ಟರಿಗೆ ಅಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಹೇಳಿದಳು. ಆಪರೇಷನ್ ಬಾಗಿಲ ಹೊರಗೆ ನಿಂತಿದ್ದಾಗ, ಬೆರಳು ಉಳಿದರೆ ಹುಲಿಗೆಮ್ಮನಿಗೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದಾಳೆ. ಬರುವ ಶುಕ್ರವಾರ ಹುಲಿಗಿಗೆ ಹೋಗಬೇಕು.

ತುದಿಯಿಂದ ಮೂರು ಕತ್ತರಿ ಕೊಟ್ಟರೆ ಸಾಕು, ಹೆಂಗಸರು ಕೊಡುವುದೇ ಅಷ್ಟು ಅಂದೆ.

“ಪೂರಾ ಕೊಡ್ತೀನಂತ ಬೇಡ್ಕೊಂಡೀನ್ರಿ. ತಪ್ಪ ನಂದು, ತಲಿ ನಂದು,” ಅಂದಳು.

ಜನವರಿ ೧೨, ರವಿವಾರ

ಬೆಳಿಗ್ಗೆ ಕೂಸು ನನ್ನ ತೊಡೆಯ ಮೇಲೆ ಆಡುತ್ತಿತ್ತು. ಮುಷ್ಟಿ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ತೋರುಬೆರಳಿಗೆ ಒಂದು ಎಳೆ ಸುತ್ತಿಕೊಂಡಿತ್ತು. ಉದ್ದನೆಯದು, ಕೆಂಪು. ಈ ಮನೆಯಿಂದ ಕೂದಲಿನ ಚೀಲ ಹೋಗಿ ಎಂಟು ದಿನವಾಯಿತು.

ಬಿಡಿಸಿದೆ. ಬೆರಳಿಗೆ ಏನೂ ಆಗಿಲ್ಲ. ಅಲ್ಲಿಯೇ ಕೂತು ಕೂಸಿನ ಒಂದೊಂದೇ ಬೆರಳು ನೋಡಿದೆ, ಕಿವಿಯ ಹಿಂದೆ ನೋಡಿದೆ, ಕುತ್ತಿಗೆಯ ಮಡಿಕೆ ನೋಡಿದೆ, ಅಂಗಿ ತಿರುವಿ ನೋಡಿದೆ. ಇನ್ನೊಂದು ಸಿಕ್ಕಿತು, ಉಡದಾರಕ್ಕೆ ಸುತ್ತಿಕೊಂಡಿತ್ತು. ತಾಯಿಯ ಕೈಯಿಂದ ಬಿಡಿಸಿ ನನ್ನ ಮಡಿಲಿಗೆ ಹಾಕಿದ್ದಾರೆ. ಈ ಮಡಿಲಿನಿಂದಲೇ ಅಲ್ಲವೇ ಬೆರಳಿಗೆ ಕೂದಲು ಹೋದದ್ದು.

ತಲೆ ಬಿಗಿಯಾಗಿ ಕಟ್ಟಿ ಮೇಲೆ ಪಂಚೆ ಸುತ್ತಿಕೊಂಡೆ. ತಲೆಶೂಲೆ ಅಂತ ಯಜಮಾನರಿಗೆ ಹೇಳಿದೆ. ಸೊಂಟನೋವು, ಇನ್ನು ಎರೆಯಲಾರೆ, ನೀನೇ ಎರೆ ಅಂತ ಅಮೃತಾಳಿಗೆ ಹೇಳಿದೆ. ಅವಳು ಹಿಂದೆ ಸರಿದಳು. ನನ್ನ ಕೈ ಬೇಡ ಅಂದಳು. ಆಗ ನೋಡಿದೆ ಅವಳ ಕೈಗಳನ್ನು. ತೊಳೆದು ತೊಳೆದು ಬೆರಳ ಸಂದುಗಳೆಲ್ಲ ಬಿರಿದು ರಕ್ತ ಜಿನುಗುತ್ತಿದೆ.

ಜನವರಿ ೧೫, ಬುಧವಾರ

ನಿನ್ನೆ ಸಂಕ್ರಾಂತಿ. ಹೆಸರಿಗೆ ಮಾಡಿದೆವು. ಅವಳ ತವರಿನಿಂದ ಫೋನ್ ಬಂದಾಗ, ಕೂಸು ಅತ್ತೆಯ ಹತ್ತಿರ ಛಲೋ ಇದೆ ಅಂತ ಹೇಳುವುದು ಕೇಳಿಸಿತು.

ಹರಕೆಯನ್ನು ಬೇಸಿಗೆಗೆ ಮುಂದೂಡೋಣ ಅಂದೆ, ಒಪ್ಪಲಿಲ್ಲ. ನಿನ್ನ ಅವ್ವನನ್ನು ಒಂದು ಮಾತು ಕೇಳು ಅಂದೆ, ಕೇಳಿದ್ದೇನೆ ಅಂದಳು. ಅವಳ ಬದಲು ನಾನು ಮುಡಿ ಕೊಟ್ಟರೆ? ಇದು ನಿನ್ನೆಯಿಂದ ತಲೆಯಲ್ಲಿದೆ. ಅಪಾಯವೂ ಹೋಗುತ್ತದೆ, ಯಾರಿಗೂ ಏನೂ ಹೇಳುವುದೂ ಬೇಡ. ಮೊಮ್ಮಗಳಿಗಾಗಿ ಅಜ್ಜಿ ಮುಡಿ ಕೊಟ್ಟಳು ಅಂತ ಓಣಿಯಲ್ಲಿ ನಾಲ್ಕು ಜನ ಹೊಗಳುತ್ತಾರೆ. ಎಷ್ಟು ಸಲೀಸು! ಅಮೃತಾಳಿಗೆ ಹೇಳಿದೆ. ಹರಕೆ ಹೊತ್ತವಳು ನಾನು ಅಂತ ಅಷ್ಟೇ ಹೇಳಿ ಒಳಗೆ ಹೋದಳು.

ಜನವರಿ ೧೭, ಶುಕ್ರವಾರ

ಗುರುಬಸವನಿಗೆ ರಜೆ ಸಿಗಲಿಲ್ಲ. ಯಜಮಾನರು, ಅಮೃತಾ, ನಾನು ಕೂಸನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹುಲಿಗಿಗೆ ಹೋದೆವು. ಶುಕ್ರವಾರವಾದ್ದರಿಂದ ಹೊಳೆಯವರೆಗೂ ಜನ. ಸ್ನಾನ ಮಾಡಿ ಬಂದ ಅಮೃತಾ ಮುಡಿ ತೆಗೆಯುವ ಓಬಳೆಪ್ಪನ ಮುಂದೆ ಮಣೆಯ ಮೇಲೆ ಕೂತಳು. ಜಡೆ ಬಿಚ್ಚಿದಳು. ಸೊಂಟದ ಕೆಳಗೆ ಬಂದಿತ್ತು. ದಿನವಿಡೀ ಮಂದಿಯ ಕೂದಲು ಬಿಡಿಸುವವಳು ತನ್ನದನ್ನು ಇಷ್ಟು ಬೆಳೆಸಿದ್ದಾಳೆ ಅಂತ ನಾನು ಕಣ್ಣುಬಿಟ್ಟು ನೋಡಿಯೇ ಇರಲಿಲ್ಲ.

ಓಬಳೆಪ್ಪ ತಲೆಯ ಮೇಲೆ ನೀರು ಹಾಕಿ ತಟ್ಟಿದ. ಪೂರಾನೋ, ಮೂರು ಕತ್ತರಿಯೋ ಅಂತ ಕೇಳಿದ. ಪೂರಾ ಅಂದಳು. ಅವನು ಹೊಸ ಬ್ಲೇಡು ಬಿಚ್ಚಿದ. ಇನ್ನೊಂದು ಕ್ಷಣ ಸುಮ್ಮನಿದ್ದರೆ ಮುಗಿಯುತ್ತಿತ್ತು, ಆಮೇಲೆ ನಾನು ಸಾಯುವ ತನಕ ಸುಮ್ಮನಿರಬಹುದಿತ್ತು. ಅವಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು.

ಓಬಳೆಪ್ಪನ ಕೈ ಹಿಡಿದುಕೊಂಡೆ.

“ಅಮೃತಾ, ಏಳು. ಆ ಕೂದಲ ನಂದು. ಡಾಕ್ಟರ್ ತಗದದ್ದು ನನ್ನ ತಲಿ ಕೂದಲ. ನನಗ ಗೊತ್ತಿತ್ತು.”

ಬೆಳಿಗ್ಗೆ ಹೊರಡುವಾಗ ಪರ್ಸಿಗೆ ಹಾಕಿಕೊಂಡಿದ್ದ ಆ ಬಟ್ಟೆಯ ತುಂಡು ತೆಗೆದು ಕೊಟ್ಟೆ. ಅವಳು ಬಿಚ್ಚಿದಳು. ಎಳೆಯನ್ನು ಎರಡು ಬೆರಳಿನ ನಡುವೆ ಹಿಡಿದು ಒಂದು ಸಲ ಎಳೆದಳು. ನನ್ನ ತಲೆಯ ಕಡೆ ನೋಡಿದಳು. ಯಜಮಾನರು ಕೂಸನ್ನು ಎತ್ತಿಕೊಂಡು ಹಾಗೆಯೇ ನಿಂತಿದ್ದರು.

“ಯಾವಾಗಿಂದ ಗೊತ್ತಿತ್ರಿ?”

ಕೈಗೆ ಬಂದ ದಿನವೇ ಅನುಮಾನ ಬಂತು, ಮೂರನೇ ತಾರೀಖು ಖಾತ್ರಿಯಾಯಿತು ಅಂತ ಹೇಳಿದೆ. ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ.

“ಹದಿನಾರು ದಿನ ಆತ್ರಿ ಅತ್ತಿ,” ಅಂದಳು. ದನಿ ಏರಿಸಲಿಲ್ಲ. “ಹದಿನಾರು ದಿನ ನನ್ನ ಮಗಳನ್ನ ನಾ ಮುಟ್ಟಿಲ್ಲ. ಮೊಲಿ ಕುಡಸೂ ಮುಂದ ಕೈ ಹಿಂದ ಕಟ್ಕೊಂಡು ಕುಂತೀನಿ. ಕೂಸನ್ನ ಹಿಡ್ಕೊಂಡು ನೀವು ನನ್ನ ಮುಂದ ಕುಂತಿದ್ರಿ.”

ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಅವಳು ಮಣೆಯಿಂದ ಎದ್ದಾಗ ನಾನು ಹೋಗಿ ಅದರ ಮೇಲೆ ಕೂತೆ, ನನ್ನದು ತೆಗೆ ಅಂತ ಓಬಳೆಪ್ಪನಿಗೆ ಹೇಳಿದೆ. ಅವನು ಯಾರ ಮುಖ ನೋಡಬೇಕೋ ತಿಳಿಯದೆ ಬ್ಲೇಡು ಹಿಡಿದು ನಿಂತ.

“ಏಳ್ರಿ,” ಅಂದಳು ಅಮೃತಾ. “ನಿಮ್ಮ ತಲಿ ಬೋಳಾದ್ರ ಮಂದಿ ನಿಮಗ ಕೈ ಮುಗೀತಾರ. ನನಗೇನು ಬಂತು? ಮನಿಗೆ ಬಂದು ಅವರ ಮುಂದ ಹೇಳ್ರಿ.”

ಬೆರಳು ಉಳಿದದ್ದಕ್ಕೆ ಮೂರು ಕತ್ತರಿ ಕೊಟ್ಟಳು, ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟಿದಳು, ಮೇಲೆ ಬಟ್ಟೆ ಸುತ್ತಿದಳು. ಆಮೇಲೆ ಮಾವನ ಕೈಯಿಂದ ಕೂಸನ್ನು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕೊಪ್ಪಳದವರೆಗೆ ಕೂಸು ಅವಳ ಎದೆಗೆ ಮುಖ ಒತ್ತಿಕೊಂಡು ನಿದ್ದೆ ಮಾಡಿತು. ಅವಳ ಬಿರಿದ ಕೈ ಅದರ ಬೆನ್ನಿನ ಮೇಲಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ.

ಸಂಜೆ ಗುರುಬಸವ ಕೈಕಾಲು ತೊಳೆದು ಬಂದ ಮೇಲೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಎರೆದದ್ದು, ಒದ್ದೆ ತಲೆ, ಕಾಲುಚೀಲ, ಅರಿಶಿನ, ಸುಣ್ಣ, ನಲ್ಲಿಯ ಕೆಳಗೆ ತೊಳೆದದ್ದು, ಮೆಹಜಬೀನಳಿಗೆ ಹೇಳಿದ ಸುಳ್ಳು, ಎಲ್ಲ. ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಲು ಹೋಗಿ, ನೋಡಲಾಗದೆ ತಲೆ ತಗ್ಗಿಸಿದ. ಯಜಮಾನರು ಮಾತ್ರ, “ಶೇಖರಮ್ಮ, ಇದನ್ನ ಅವತ್ತ ಹೇಳಬೇಕಿತ್ತು,” ಅಂದರು. ಅವರು ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷವಾಗಿತ್ತೋ.

ಜನವರಿ ೧೮, ಶನಿವಾರ

ಗುರುಬಸವ ಡ್ಯೂಟಿಗೆ ಹೋಗುವ ಮೊದಲು ಮೆಹಜಬೀನಳ ಮನೆಗೆ ಹೋಗಿ ಬಂದನಂತೆ. ಸೋಮವಾರದಿಂದ ಅಮೃತಾ ಗೋದಾಮಿಗೆ ಹೋಗುತ್ತಾಳೆ. ಅವಳು ಬರುವ ತನಕ ಕೂಸನ್ನು ಯಾರು ನೋಡಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಅಮೃತಾ ಎರೆದಳು. ನಾನು ದೂರ ನಿಂತು ನೀರು ಕೊಟ್ಟೆ. ಒರೆಸಿದ ಮೇಲೆ ಕಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಣ್ಣು ಮುಚ್ಚಿ, ಹೆಬ್ಬೆರಳು ಎಳೆದು ನೋಡುತ್ತಾಳೆ. ಮೂರನೇ ಬೆರಳಿಗೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಾಳೆ.

ಜನವರಿ ೧೯, ರವಿವಾರ

ಮಧ್ಯಾಹ್ನ ಅವಳ ಖೋಲಿಯ ಬಾಗಿಲಿಗೆ ಹೋಗಿ ನಿಂತೆ. ಕೂಸು ನನ್ನನ್ನು ನೋಡಿ ಕೈ ಚಾಚಿತು.

“ಎತ್ಕೊಳ್ಳಲೇನು?” ಅಂತ ಕೇಳಿದೆ.

ಅಮೃತಾ ಕೂಸನ್ನು ಮಾವನ ಕೈಗೆ ಕೊಟ್ಟು ಬಂದಳು. ನನ್ನನ್ನು ನೆಲದ ಮೇಲೆ ಕೂಡಿಸಿ ಹಿಂದೆ ಕೂತಳು. ತಲೆಯ ಪಂಚೆ ಬಿಚ್ಚಿದಳು, ಸಣ್ಣ ಹಣಿಗೆ ತಗೊಂಡು ಬುಡದಿಂದ ತುದಿಯವರೆಗೆ ಬಾಚಲು ಶುರು ಮಾಡಿದಳು. ಹಣಿಗೆಗೆ ಬಂದ ಒಂದೊಂದು ಎಳೆಯನ್ನೂ ತೆಗೆದು ಪೇಪರಿನಲ್ಲಿ ಇಡುತ್ತಿದ್ದಳು. ಹಣಿಗೆ ಬರಿದಾಗಿ ಬರುವವರೆಗೆ ಬಾಚಿದಳು, ಬರಿದಾದ ಮೇಲೂ ಎರಡು ಸಲ ಬಾಚಿದಳು. ಬಿಗಿಯಾಗಿ ಗಂಟು ಹಾಕಿ ಬಟ್ಟೆ ಕಟ್ಟಿದಳು. ನೋಯಿತು, ಸುಮ್ಮನಿದ್ದೆ. ನನ್ನ ತೋಳು, ಸೆರಗು, ಮಡಿಲು ಎಲ್ಲದರ ಮೇಲೂ ಅಂಗೈ ಆಡಿಸಿ ನೋಡಿದಳು. ಆಮೇಲೆ ಹೋಗಿ ಕೂಸನ್ನು ತಂದು ಮಡಿಲಲ್ಲಿ ಇಟ್ಟಳು.

“ಹತ್ತ ನಿಮಿಷ,” ಅಂದು ಹೊರಗೆ ಹೋದಳು.

ಕೂಸು ನನ್ನ ಚಷ್ಮಾ ಎಳೆಯಿತು, ಜೊಲ್ಲು ಸುರಿಸಿತು, ನಕ್ಕಿತು. ಒಂಬತ್ತು ನಿಮಿಷಕ್ಕೆ ನಾನೇ ಅವಳನ್ನು ಕರೆದು ಕೊಟ್ಟೆ.